ಮೂರನೇ ಪ್ಲೇಟು

೮ ಜನವರಿ ೧೯೯೪

ಪ್ರೀತಿಯ ಅಣ್ಣನಿಗೆ,

ನಾನು ಚೆನ್ನಾಗಿದ್ದೇನೆ. ನೀನೂ ಅತ್ತಿಗೆಯೂ ಹಾಗೇ ಇದ್ದೀರೆಂದು ನಂಬಿಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನ್ನಿಂದ ಒಂದು ಕೆಟ್ಟ ಕೆಲಸ ಆಗಬೇಕಾಗಿದೆ. ಗಾಬರಿಯಾಗದೆ ಪೂರ್ತಿ ಓದು.

ನಾನು ಕಾಲೇಜಿನಲ್ಲಿ ಏನು ಕಲಿಸುತ್ತೇನೆಂದು ಯಾರಾದರೂ ಕೇಳಿದರೆ ನೀನು "ಕಬ್ಬಿಣಕ್ಕೆ ಡಾಕ್ಟರು" ಎಂದು ಹೇಳಿ ನಗುತ್ತೀಯ. ಹೆಚ್ಚುಕಡಿಮೆ ಅದೇ. ಬೆಸುಗೆಯನ್ನು ಕತ್ತರಿಸದೆ, ಮುರಿಯದೆ, ಒಳಗೆ ದೋಷ ಇದೆಯೇ ಎಂದು ನೋಡುವುದು ನಮ್ಮ ವಿದ್ಯೆ. ಉಕ್ಕಿನ ಮೇಲೆ ಎಣ್ಣೆ ಸವರಿ, ಹೆಬ್ಬೆರಳಿನಷ್ಟು ದಪ್ಪದ ಪ್ರೋಬ್ ಇಟ್ಟು ಸರಿಸುತ್ತಾ ಹೋಗುತ್ತೇವೆ. ಅದು ಕಿವಿಗೆ ಕೇಳದ ಶಬ್ದವನ್ನು ಒಳಕ್ಕೆ ಕಳಿಸುತ್ತದೆ. ಒಳಗೆ ಬಿರುಕೋ ಟೊಳ್ಳೋ ಇದ್ದರೆ ಶಬ್ದ ಅಲ್ಲಿಂದ ಹಿಂದಿರುಗಿ ಪರದೆಯ ಮೇಲೆ ಗೆರೆಯಾಗಿ ಎದ್ದು ನಿಲ್ಲುತ್ತದೆ.

ತೊಂದರೆ ಏನೆಂದರೆ ನಮ್ಮ ಲ್ಯಾಬಿನಲ್ಲಿ ಪರೀಕ್ಷೆಗೆ ಇಡುವ ಬೆಸುಗೆಯ ಪ್ಲೇಟುಗಳು ಹನ್ನೊಂದು ವರ್ಷ ಹಳೆಯವು. ಯಾವ ಪ್ಲೇಟಿನಲ್ಲಿ ಯಾವ ದೋಷ ಎಲ್ಲಿದೆ ಎನ್ನುವುದು ಹಾಸ್ಟೆಲಿನಲ್ಲಿ ಹಿರಿಯರಿಂದ ಕಿರಿಯರಿಗೆ ಬಾಯಿಪಾಠವಾಗಿ ಇಳಿದು ಬಂದಿದೆ. ಹೋದ ವರ್ಷ ಒಬ್ಬ ಮಹಾಶಯ ಯಂತ್ರದ ಸ್ವಿಚ್ಚನ್ನೇ ಹಾಕದೆ ಎಲ್ಲಕ್ಕೂ ಸರಿಯುತ್ತರ ಬರೆದು ಕೈಕಟ್ಟಿ ನಿಂತಿದ್ದ.

ಅದಕ್ಕೇ ಹೊಸದಾಗಿ ಆರು ಪ್ಲೇಟು ಬೇಕು. ಐದರಲ್ಲಿ ಬೇರೆ ಬೇರೆ ಥರದ ದೋಷ ಇರಬೇಕು, ಹೊರಗೆ ಕಾಣಿಸಬಾರದು. ಒಂದು ಮಾತ್ರ ಶುದ್ಧವಾಗಿರಬೇಕು. ಯಾವುದು ಶುದ್ಧ ಎನ್ನುವುದು ನಿನ್ನಿಷ್ಟ. ಉತ್ತರದ ಹಾಳೆಗೆ ನಿನ್ನ ವೆಲ್ಡರ್ ನಂಬರಿನ ಮುದ್ರೆ ಒತ್ತಿ ಕಳಿಸು. ಪರೀಕ್ಷೆಯಲ್ಲಿ ಆ ಹಾಳೆಯದೇ ಕೊನೆಯ ಮಾತು.

ಆ ಶುದ್ಧ ಪ್ಲೇಟು ನನಗೆ ಉಳಿದ ಐದಕ್ಕಿಂತ ಮುಖ್ಯ. ಇಲ್ಲದ ದೋಷವನ್ನು ಕಂಡವರಿಗೆ ನನ್ನ ಪರೀಕ್ಷೆಯಲ್ಲಿ ಸೊನ್ನೆ, ಉಳಿದೆಲ್ಲ ಸರಿಯಿದ್ದರೂ. ಇದು ಅತಿಯಾಯಿತೆಂದು ಜೊತೆಯ ಮೇಷ್ಟ್ರುಗಳು ಹೇಳುತ್ತಾರೆ. ಆದರೆ ನಾನು ಹೈಸ್ಕೂಲಿನಲ್ಲಿದ್ದಾಗ ಒಬ್ಬ ಇನ್ಸ್‌ಪೆಕ್ಟರು ನಿನ್ನ ಒಳ್ಳೆಯ ಬೆಸುಗೆಯನ್ನು ಕೆಟ್ಟದ್ದೆಂದು ಬರೆದ. ನೀನು ಅದನ್ನು ಉಜ್ಜಿ ತೆಗೆದು ಎರಡು ಸಲ ಮತ್ತೆ ಹಾಕಿದೆ. ಆಮೇಲೆ ನೋಡಿದರೆ ಅವನ ಯಂತ್ರವೇ ಕೆಟ್ಟಿತ್ತು. ಆ ವಾರವೆಲ್ಲ ನೀನು ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ನನ್ನ ನಿಯಮ ಹುಟ್ಟಿದ್ದು ಅಲ್ಲಿ.

ನಿನ್ನ ತಂಗಿ


೨೭ ಜನವರಿ ೧೯೯೪

ಮೇಷ್ಟ್ರಮ್ಮನವರಿಗೆ,

ಕಾಗದ ಬಂದಾಗ ನಾನು ಬೂಟು ಬಿಚ್ಚುತ್ತಿದ್ದೆ, ನಿನ್ನ ಅತ್ತಿಗೆಯೇ ಓದಿ ಹೇಳಿದಳು. "ಮೂವತ್ತೊಂದು ವರ್ಷ ಮಾಡಬಾರದು ಅಂತಿದ್ದನ್ನ ಈಗ ಮಾಡಿ ಅಂತಾಳಲ್ಲ ನಿಮ್ಮ ತಂಗಿ" ಎಂದು ಅವಳಿಗೆ ನಗುವೋ ನಗು.

ಆಗಲಿ, ಮಾಡೋಣ. ಕೆಟ್ಟದ್ದು ಮಾಡುವುದಕ್ಕೂ ಕೈ ಪಳಗಿರಬೇಕು ಎನ್ನುವುದು ನಿನ್ನ ಹುಡುಗರಿಗೆ ತಿಳಿಯಲಿ. ಒಂದಕ್ಕೆ ಒದ್ದೆ ವೆಲ್ಡಿಂಗ್ ರಾಡು ಹಚ್ಚುತ್ತೇನೆ, ಒಳಗೆಲ್ಲ ಗಾಳಿಗುಳ್ಳೆ. ಇನ್ನೊಂದಕ್ಕೆ ಬೆಸುಗೆಯ ಮೇಲೆ ಗಟ್ಟಿಕಟ್ಟುವ ಹೊಟ್ಟನ್ನು ಕುಟ್ಟಿ ತೆಗೆಯದೆ ಅದರ ಮೇಲೇ ಮುಂದಿನ ಪದರ ಎಳೆಯುತ್ತೇನೆ. ಬಿರುಕು ಬೇಕಾದರೆ ತಾಮ್ರದ ಒಂದು ಚೂರು ಹಾಕಿದರೆ ಸಾಕು, ತಣ್ಣಗಾಗುವಾಗ ತಾನೇ ಸೀಳುತ್ತದೆ. ಉಳಿದ ಎರಡನ್ನು ಹೇಳುವುದಿಲ್ಲ. ನೀನೂ ಸ್ವಲ್ಪ ಹುಡುಕು.

ನಮ್ಮ ವರ್ಕ್‌ಶಾಪಿನ ಇನ್ಸ್‌ಪೆಕ್ಟರನ್ನು ಕೇಳಿದೆ. ಉಳಿದ ಉಕ್ಕಿನ ತುಂಡು ಎಷ್ಟು ಬೇಕೋ ತಗೊಳ್ಳಿ, ಭಾನುವಾರ ಶೆಡ್ಡು ನಿಮ್ಮದೇ ಎಂದ. ಒಳ್ಳೆಯ ಹುಡುಗ. ಹತ್ತು ಬೆಸುಗೆಗೆ ಒಂದರಂತೆ ಅವನು ಪರೀಕ್ಷೆ ಮಾಡಬೇಕು. ನನ್ನದರ ಸರದಿ ಬಂದಾಗ ಮಾತ್ರ "ಮೇಸ್ತ್ರಿದು ಏನು ನೋಡೋದು" ಎಂದು ಸಹಿ ಹಾಕಿ ಟೀ ಕುಡಿಯಲು ಹೋಗುತ್ತಾನೆ.

ಶುದ್ಧವಾದದ್ದನ್ನು ಮೊದಲೇ ಮಾಡಿ ಎತ್ತಿಡುತ್ತೇನೆ, ಅದಕ್ಕೆ ಅರ್ಧ ಗಂಟೆ ಸಾಕು. ಹದಿನೈದು ದಿನದಲ್ಲಿ ಎಲ್ಲ ನಿನ್ನ ಕೈಸೇರುತ್ತದೆ.

ನಿನ್ನ ಅಣ್ಣ


೨೪ ಫೆಬ್ರವರಿ ೧೯೯೪

ಪ್ರೀತಿಯ ಅಣ್ಣನಿಗೆ,

ಹದಿನೈದು ದಿನ ಎಂದವನದು ತಿಂಗಳಾದರೂ ಸುದ್ದಿಯಿಲ್ಲ. ನೀನು ಹೇಳಿದ ದಿನಕ್ಕೆ ಕೆಲಸ ಕೊಡದೇ ಇದ್ದದ್ದು ನನಗೆ ನೆನಪಿಲ್ಲ, ಹಾಗಾಗಿ ಟ್ರಾನ್ಸ್‌ಪೋರ್ಟಿನವರನ್ನು ಬೈಯುತ್ತಾ ಕೂತಿದ್ದೇನೆ.

ಇಲ್ಲಿ ಪಾಠ ಶುರುವಾಗಿದೆ. ಮೊದಲ ದಿನ ಯಾರಿಗೂ ಯಂತ್ರ ಮುಟ್ಟಲು ಬಿಡುವುದಿಲ್ಲ. ಗೋಡೆಗೆ ಅಕ್ಷರದ ಪಟ ತಗುಲಿಸಿ ಒಬ್ಬೊಬ್ಬರನ್ನೇ ದೂರ ನಿಲ್ಲಿಸಿ ಓದಿಸುತ್ತೇನೆ, ನಾನೂ ಓದುತ್ತೇನೆ. ಎಲ್ಲಕ್ಕಿಂತ ಮೊದಲು ಪರೀಕ್ಷೆಯಾಗಬೇಕಾದ ಯಂತ್ರ ಕಣ್ಣು ಎಂದು ಹೇಳುತ್ತೇನೆ. ನಿಮ್ಮಲ್ಲೂ ವರ್ಷಕ್ಕೊಮ್ಮೆ ಮಾಡುತ್ತಾರಲ್ಲ?

ಈ ಸಲ ಇಪ್ಪತ್ತೆರಡು ಜನ. ಅದರಲ್ಲಿ ಒಬ್ಬಳಿಗೆ ಉಳಿದವರು ಜಿಗಣೆ ಎಂದು ಹೆಸರಿಟ್ಟಿದ್ದಾರೆ. ಒಂದು ಪ್ರಶ್ನೆ ಹಿಡಿದರೆ ಬಿಡುವ ಪೈಕಿಯಲ್ಲ. ಹೋದ ವರ್ಷ ಎರಡೇ ಪ್ಲೇಟುಗಳ ಮೇಲೆ ಮೂರು ಗಂಟೆ ಕಳೆದು ಫೇಲಾದಳು. ಈ ಸಲ ಪಾಸಾದರೆ ಒಂದು ಪೈಪು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಕಾದಿದೆ. ಇಲ್ಲವಾದರೆ ಅದು ಬೇರೆಯವರ ಪಾಲು.

ಮೊನ್ನೆ ಎಣ್ಣೆಬೆರಳಿನ ಪಾಠ ಮಾಡಿದೆ. ಬೆಸುಗೆಯ ಮೇಲಿನ ಉಬ್ಬಿನಿಂದಲೂ ಶಬ್ದ ಹಿಂದಿರುಗಿ ಪರದೆಯ ಮೇಲೆ ಗೆರೆ ಎಬ್ಬಿಸುತ್ತದೆ, ಅದು ದೋಷವಲ್ಲ. ಗುರುತಿಸುವುದು ಸುಲಭ. ಎಣ್ಣೆ ಹಚ್ಚಿದ ಬೆರಳಿನಿಂದ ಉಬ್ಬನ್ನು ತಟ್ಟಿದರೆ ಗೆರೆ ನಡುಗುತ್ತದೆ. ನಡುಗದಿದ್ದರೆ ಅದು ಒಳಗಿನದು. ಇಷ್ಟು ಹೇಳಿದ್ದೇ ತಡ, ಜಿಗಣೆ ಉಳಿದವರೆಲ್ಲ ಹೋದ ಮೇಲೂ ಉಕ್ಕನ್ನು ತಟ್ಟುತ್ತಾ ಕೂತಿದ್ದಳು. "ಮನೆಗೆ ಹೋಗಮ್ಮ" ಎಂದರೆ "ಇನ್ನೊಂದೇ ಒಂದು ಸಲ ಮೇಡಂ" ಎನ್ನುತ್ತಾಳೆ.

ಪ್ಲೇಟು ಕಳಿಸು, ಮಹರಾಯ.

ನಿನ್ನ ತಂಗಿ


೧೪ ಮಾರ್ಚ್ ೧೯೯೪

ಮೇಷ್ಟ್ರಮ್ಮನವರಿಗೆ,

ತಡವಾಯಿತು. ಕೆಟ್ಟ ಬೆಸುಗೆ ಹಾಕಲು ಕೈ ಒಪ್ಪಲೇ ಇಲ್ಲ ನೋಡು. ಒದ್ದೆ ರಾಡು ಹಿಡಿದರೆ ಕೈ ತಾನಾಗಿ ಅದನ್ನು ಒಣಗಿಸಲು ಹೋಗುತ್ತದೆ. ಅಂತೂ ಆರು ಪ್ಲೇಟನ್ನೂ ಮರದ ಪೆಟ್ಟಿಗೆಯಲ್ಲಿ ಹಾಕಿ ನಿನ್ನೆ ಲಾರಿಗೆ ಕೊಟ್ಟಿದ್ದೇನೆ.

ಉತ್ತರದ ಹಾಳೆ ಈ ಲಕೋಟೆಯಲ್ಲೇ ಇದೆ, ಮುದ್ರೆ ಒತ್ತಿದ್ದೇನೆ. ಮೂರನೆಯದು ಶುದ್ಧ.

ಪರೀಕ್ಷೆಗೆ ಇಡುವ ಮುಂಚೆ ನೀನೇ ಎಲ್ಲವನ್ನೂ ಒಮ್ಮೆ ನೋಡು. ನೋಡಿದ ಮೇಲೆ ಹೇಗಿದೆ ಅಂತ ತಪ್ಪದೆ ಬರೆ. ಮೂರನೆಯದನ್ನೂ ನೋಡು, ಬಿಡಬೇಡ.

ನಿನ್ನ ಅಣ್ಣ


೨೬ ಮಾರ್ಚ್ ೧೯೯೪

ಪ್ರೀತಿಯ ಅಣ್ಣನಿಗೆ,

ಪೆಟ್ಟಿಗೆ ಬಂತು. ಲ್ಯಾಬಿನ ಅಟೆಂಡರು ಮುಚ್ಚಳ ತೆಗೆದು "ಇಷ್ಟು ಚೆನ್ನಾಗಿರೋದನ್ನ ಕೆಟ್ಟದ್ದು ಅಂತೀರಾ?" ಎಂದು ಕೇಳಿದರು. ಬೆಸುಗೆಯ ಅಲೆಗಳು ಒಂದೇ ಅಳತೆಯಲ್ಲಿ ಕೂತಿವೆ. ನನಗೆ ಹೆಮ್ಮೆಯಾಯಿತು, ಹೇಳಿಯೇಬಿಡುತ್ತೇನೆ.

ನೀನು ಹೇಳಿದಂತೆ ಆರನ್ನೂ ನೋಡಿದೆ. ಐದನೆಯದರಲ್ಲಿ ಬುಡ ಬೆಸೆಯದೆ ಬಿಟ್ಟದ್ದನ್ನು ಹುಡುಕಲು ನನಗೇ ಕಾಲು ಗಂಟೆ ಹಿಡಿಯಿತು, ಮಹಾ ಕಿಲಾಡಿ ನೀನು. ಮೂರನೆಯದರಲ್ಲಿ ಒಂದು ಸಣ್ಣ ಗೆರೆ ಮಿಣುಕಿತು. ಅದು ಉಬ್ಬಿನದು. ನಿನ್ನ ಉಬ್ಬು ಯಾವಾಗಲೂ ಸ್ವಲ್ಪ ಧಾರಾಳ. ನೀನು ಶುದ್ಧ ಎಂದದ್ದರಲ್ಲಿ ದೋಷ ಹುಡುಕುವಷ್ಟು ದೊಡ್ಡವಳು ನಾನಾಗಿಲ್ಲ. ಲ್ಯಾಬಿನ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ: ಮೂರನೇ ಪ್ಲೇಟು ಶುದ್ಧ.

ಅದಿರಲಿ, ನಿನ್ನ ಕಾಗದದಲ್ಲಿ ಅಕ್ಷರಗಳು ಯಾಕೆ ಅಷ್ಟು ದಪ್ಪ? ಒಂದು ಪುಟಕ್ಕೆ ಎಂಟು ಸಾಲು. ಒಂದನೇ ತರಗತಿಯ ಕಾಪಿ ಪುಸ್ತಕ ಇದ್ದಹಾಗಿದೆ. ಮೇಷ್ಟ್ರಮ್ಮನನ್ನು ಅಣಕಿಸಲು ಹೊಸ ದಾರಿ ಹುಡುಕಿದ್ದೀಯ ಎಂದುಕೊಂಡು ಅದನ್ನು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ.

ನಿನ್ನ ತಂಗಿ


೧೯ ಏಪ್ರಿಲ್ ೧೯೯೪

ಪ್ರೀತಿಯ ಅಣ್ಣನಿಗೆ,

ಪರೀಕ್ಷೆ ಮುಗಿಯಿತು. ಒಂದು ತಲೆನೋವು ಉಳಿದಿದೆ.

ಇಪ್ಪತ್ತೊಂದು ಜನ ಮೂರನೇ ಪ್ಲೇಟು ಶುದ್ಧ ಎಂದು ಬರೆದರು. ಜಿಗಣೆ ಒಬ್ಬಳು ದೋಷ ಎಂದಳು. ಬರೀ ದೋಷ ಎನ್ನುವುದಲ್ಲ: ಬೆಸುಗೆಯ ಎಡ ಅಂಚಿನಲ್ಲಿ, ತುದಿಯಿಂದ ನೂರ ನಲವತ್ತು ಮಿಲಿಮೀಟರ್ ದೂರದಲ್ಲಿ, ಆರು ಮಿಲಿಮೀಟರ್ ಆಳದಲ್ಲಿ ಉಕ್ಕು ಬೆಸೆದುಕೊಂಡಿಲ್ಲ ಎಂದು ಚಿತ್ರ ಬರೆದಿದ್ದಾಳೆ. ಉಳಿದ ಐದೂ ಸರಿ. ಆದರೆ ನಿಯಮ ನಿಯಮವೇ. ಸೊನ್ನೆ ಹಾಕಿದೆ.

ನನ್ನ ಕೋಣೆಗೆ ಬಂದಳು. ಅಳಲಿಲ್ಲ, ಜಗಳವಾಡಲೂ ಇಲ್ಲ. "ಬೆರಳಿಂದ ತಟ್ಟಿ ನೋಡಿದೆ ಮೇಡಂ, ಗೆರೆ ನಡುಗಲಿಲ್ಲ. ಕಂಡದ್ದನ್ನ ಬರೆದೆ. ಕಾಣಲಿಲ್ಲ ಅಂತ ಬರೀಬೇಕಿತ್ತಾ?" ಎಂದು ಕೇಳಿದಳು. "ಆ ಪ್ಲೇಟು ಮಾಡಿದವರ ಕೈ ನನಗೆ ಗೊತ್ತು" ಎಂದೆ. "ನನಗೆ ಗೊತ್ತಿಲ್ಲವಲ್ಲ ಮೇಡಂ" ಎಂದು ಹೇಳಿ ಹೋದಳು.

ಅವಳು ಮೇಲ್ಮನವಿ ಕೊಟ್ಟಿದ್ದಾಳೆ. ಮೇ ಹನ್ನೆರಡಕ್ಕೆ ಪರೀಕ್ಷಾ ಮಂಡಳಿ ಸೇರುತ್ತದೆ. ಉತ್ತರದ ಹಾಳೆಯನ್ನು ಬದಲಿಸಬೇಕಾದರೆ ಅದನ್ನು ಬರೆದವರೇ ಬದಲಿಸಬೇಕು, ಇಲ್ಲದಿದ್ದರೆ ಅದೇ ಅಂತಿಮ ಎಂದು ಅಧ್ಯಕ್ಷರು ಹೇಳಿದ್ದಾರೆ. ಫೈಲಿಗೆ ಸೇರಿಸಲು ನಿನ್ನಿಂದ ಒಂದು ಸಾಲು ಬೇಕು: ಮೂರನೇ ಪ್ಲೇಟು ಶುದ್ಧವಾಗಿದೆ ಎಂದು. ಅಷ್ಟಾದರೆ ಮುಗಿಯಿತು. ಅವಳ ಕೆಲಸ ಹೋಗುತ್ತದೆ ಎನ್ನುವುದು ನನಗೂ ಸಂಕಟವೇ. ಆದರೆ ಇವತ್ತು ಇಲ್ಲದ್ದನ್ನು ಕಾಣುವವಳು ನಾಳೆ ಇನ್ನೊಬ್ಬ ಮೇಸ್ತ್ರಿಯ ಒಳ್ಳೆಯ ಬೆಸುಗೆ ಉಜ್ಜಿಸುತ್ತಾಳೆ.

ನಿನ್ನ ತಂಗಿ


೨೭ ಏಪ್ರಿಲ್ ೧೯೯೪

ತಂಗಿಗೆ,

ನೀನು ಕೇಳಿದ ಸಾಲು: ಮೂರನೇ ಪ್ಲೇಟು ಸರಿಯಾಗಿದೆ.

ಇಲ್ಲಿ ಎಲ್ಲ ಕ್ಷೇಮ. ಬಿಸಿಲು ಜಾಸ್ತಿ. ಶೆಡ್ಡಿಗೆ ಹೊಸ ಫ್ಯಾನು ಹಾಕಿದ್ದಾರೆ.

ಅಣ್ಣ

(ಇದೇ ಹಾಳೆಯ ಹಿಂದೆ, ಬೇರೆ ಕೈಯಲ್ಲಿ)

ನಾದಿನಿಗೆ ಅತ್ತಿಗೆಯ ನಾಲ್ಕು ಸಾಲು. ಅಂಚೆಗೆ ಹಾಕಲು ನನ್ನ ಕೈಗೆ ಕೊಟ್ಟರು, ಇಷ್ಟು ಜಾಗ ಖಾಲಿ ಬಿಟ್ಟಿದ್ದಾರಲ್ಲ ಅಂತ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದಾಗಿನಿಂದ ನಿಮ್ಮಣ್ಣ ಸಪ್ಪಗಿದ್ದಾರೆ. ಆ ಪ್ಲೇಟಿನ ಮೇಲೆ ಯಾರೋ ತಪ್ಪು ಹೊರಿಸಿದರೆ ನೋವಾಗದೆ ಇರುತ್ತದೆಯೇ? ಕೆಟ್ಟ ಐದನ್ನು ಮೊದಲನೇ ಭಾನುವಾರವೇ ಮುಗಿಸಿದ್ದರು. ಆ ಮೂರನೆಯದನ್ನು ಮಾತ್ರ ಐದು ಸಲ ಮಾಡಿದರು. ತಿಂಗಳಿಡೀ ಭಾನುವಾರ ನನಗೆ ಗಂಡ ಮನೆಯಲ್ಲಿಲ್ಲ. ಮೊದಲಿನ ನಾಲ್ಕನ್ನು ಹೊತ್ತು ತಂದು ಹಿತ್ತಲಿನ ನೀರಿನ ಡ್ರಮ್ಮಿನ ಕೆಳಗೆ ಇಟ್ಟಿದ್ದಾರೆ. ಡ್ರಮ್ಮು ಈಗ ಅಲ್ಲಾಡುವುದಿಲ್ಲ, ನನಗೆ ಅನುಕೂಲವೇ ಆಯಿತು. ತಂಗಿಯ ಕೆಲಸ ಅಂದರೆ ಎಷ್ಟು ಮುತುವರ್ಜಿ ನೋಡು. ನಿನಗೆ ಗೊತ್ತಿರಲಿ ಅಂತ ಬರೆದೆ.


೨ ಮೇ ೧೯೯೪

ಪ್ರೀತಿಯ ಅಣ್ಣ,

ಈ ಕಾಗದವನ್ನು ಮನೆಗೆ ಕಳಿಸದೆ ವರ್ಕ್‌ಶಾಪಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನೀನೊಬ್ಬನೇ ಓದು.

ನಿನ್ನ ಸಾಲನ್ನು ಫೈಲಿಗೆ ಹಾಕಲಿಲ್ಲ. ಅತ್ತಿಗೆ ಹಿಂದೆ ಬರೆದದ್ದನ್ನು ಓದಿದೆ. ಅರ್ಧ ಗಂಟೆಯ ಕೆಲಸ ಎಂದಿದ್ದವನು ಅದನ್ನು ಐದು ಸಲ ಯಾಕೆ ಮಾಡಿದೆ ಎಂದು ಯೋಚಿಸುತ್ತಾ ಹೊರಟವಳು ನೇರವಾಗಿ ಲ್ಯಾಬಿಗೆ ಹೋದೆ. ಮೂರನೇ ಪ್ಲೇಟನ್ನು ಮೇಜಿನ ಮೇಲಿಟ್ಟು ಎಡಗಡೆಯಿಂದ ನೋಡಿದೆ. ಗೆರೆ ಪರದೆಯ ಮುಕ್ಕಾಲು ಎತ್ತರಕ್ಕೆ ಎದ್ದಿತು. ಎಣ್ಣೆಬೆರಳಿನಿಂದ ಉಬ್ಬನ್ನು ತಟ್ಟಿದೆ. ನಡುಗಲಿಲ್ಲ. ಮತ್ತೆ ತಟ್ಟಿದೆ. ಆ ಹುಡುಗಿ ಬರೆದ ಜಾಗದಲ್ಲೇ ಇದೆ ಅಣ್ಣ, ಅವಳು ಬರೆದ ಹಾಗೇ ಇದೆ.

ಮೊದಲು ನನ್ನ ತಪ್ಪು ಹೇಳುತ್ತೇನೆ. ಮಾರ್ಚ್‌ನಲ್ಲಿ ನಾನು ಬಲಗಡೆಯಿಂದ ಮಾತ್ರ ನೋಡಿದ್ದೆ. ಆ ಕಡೆಯಿಂದ ಉಬ್ಬು ಅಡ್ಡ ಬರುತ್ತದೆ, ಎಡ ಅಂಚಿನದು ಸರಿಯಾಗಿ ಕಾಣುವುದಿಲ್ಲ. ಎರಡೂ ಕಡೆಯಿಂದ ನೋಡದೆ ಸಹಿ ಹಾಕಬಾರದು ಎಂದು ಹದಿನಾಲ್ಕು ವರ್ಷದಿಂದ ಕರಿಹಲಗೆಯ ಮೇಲೆ ಬರೆಯುತ್ತಿರುವವಳು ನಾನೇ. ಒಂದು ಗೆರೆ ಮಿಣುಕಿದರೂ ಬೆರಳಿನಿಂದ ತಟ್ಟುವ ಗೋಜಿಗೆ ಹೋಗಲಿಲ್ಲ. ನೀನು ಮಾಡಿದ್ದು ಎಂಬ ಒಂದೇ ಕಾರಣಕ್ಕೆ. ಆ ಹುಡುಗಿಗೆ ಸೊನ್ನೆ ಹಾಕಿದ ಕೈಯನ್ನು ನೋಡಿಕೊಂಡರೆ ನಾಚಿಕೆಯಾಗುತ್ತದೆ.

ಹಾಳೆಯನ್ನು ಬದಲಿಸಬೇಕಾದವನು ನೀನು. ನಿನ್ನ ನಂಬರಿನ ಮುದ್ರೆ ಅದರ ಮೇಲಿದೆ. ನೀನು ಬರೆದುಕೊಟ್ಟರೆ ಅದು ನಿಮ್ಮ ವರ್ಕ್‌ಶಾಪಿನವರ ಕಿವಿಗೂ ಬೀಳುತ್ತದೆ, ನನಗೆ ಗೊತ್ತಿದೆ. ನೀನು ಬರೆಯದಿದ್ದರೂ ಹನ್ನೆರಡನೆಯ ತಾರೀಖು ನಾನು ಕಂಡದ್ದನ್ನು ಮಂಡಳಿಗೆ ಹೇಳುತ್ತೇನೆ. ಅವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಬೇರೆಯವರಿಂದ ನಿನಗೆ ಇದು ತಿಳಿಯಬಾರದೆಂದು ಮೊದಲೇ ಬರೆಯುತ್ತಿದ್ದೇನೆ.

ಇನ್ನೊಂದು. ನಿನ್ನ ಮಾರ್ಚ್ ತಿಂಗಳ ಕಾಗದ ಗಾಜಿನ ಕೆಳಗಿನಿಂದ ನನ್ನನ್ನೇ ನೋಡುತ್ತಿದೆ. ಅಣಕವೆಂದು ನಕ್ಕಿದ್ದೆನಲ್ಲ ನಾನು. ಅಕ್ಷರ ಯಾಕೆ ದಪ್ಪವಾಯಿತು ಅಣ್ಣ?

ನಿನ್ನ ತಂಗಿ


೭ ಮೇ ೧೯೯೪

ತಂಗಿ,

ನಿನ್ನ ಕಾಗದವನ್ನು ನಾನೇ ಓದಿದೆ. ಮಧ್ಯಾಹ್ನದ ಬಿಡುವಿನಲ್ಲಿ ಶೆಡ್ಡಿನ ಹಿಂದಿನ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು, ಡ್ರಾಯಿಂಗ್ ನೋಡುವ ಭೂತಗನ್ನಡಿ ಹಿಡಿದು. ಎರಡು ದಿನ ಹಿಡಿಯಿತು.

ಎಡಗಣ್ಣು ಮಂಜಾಗಿ ವರ್ಷದ ಮೇಲಾಯಿತು. ಬಲಗಣ್ಣೂ ಅದರ ದಾರಿಯನ್ನೇ ಹಿಡಿದಿದೆ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡುತ್ತಾರಲ್ಲ ಎಂದು ನೀನು ಕೇಳಿದ್ದೆ. ಮಾಡುತ್ತಾರೆ. ಡಾಕ್ಟರ ಕೋಣೆಯ ಗೋಡೆಯ ಮೇಲೆ ಹದಿನೆಂಟು ವರ್ಷದಿಂದ ಅದೇ ಪಟ. ಕೊನೆಯ ಸಾಲು ಕಣ್ಣು ಮುಚ್ಚಿದರೂ ನನಗೆ ಬರುತ್ತದೆ. ನಿನ್ನ ಹಾಸ್ಟೆಲ್ ಹುಡುಗರ ಬಾಯಿಪಾಠದ ಕಥೆ ಕೇಳಿ ನಿನ್ನ ಅತ್ತಿಗೆ ನಕ್ಕಳು, ನನಗೆ ನಗು ಬರಲಿಲ್ಲ.

ಕೆಟ್ಟ ಬೆಸುಗೆಗೆ ಕೈ ಒಪ್ಪಲಿಲ್ಲ ಎಂದು ಬರೆದದ್ದು ಸುಳ್ಳು. ಆ ಐದೂ ಸಲೀಸಾಗಿ ಆದವು. ಒಳ್ಳೆಯದು ಬರಲಿಲ್ಲ. ಕರಗಿದ ಉಕ್ಕಿನ ಎಡ ಅಂಚು ನನಗೆ ಕಾಣುವುದಿಲ್ಲ. ಸದ್ದಿನ ಮೇಲೆ, ಕೈಯಂದಾಜಿನ ಮೇಲೆ ಹೋಗುತ್ತೇನೆ. ಹೊರಗಿನಿಂದ ನೋಡಿದರೆ ಲಕ್ಷಣವಾಗಿರುತ್ತದೆ. ಶುದ್ಧವಾಗಲಿ ಎಂದು ಮಾಡಿದ ಮೊದಲ ನಾಲ್ಕು ಪ್ಲೇಟುಗಳ ತುದಿಯನ್ನು ಕೊಯ್ದು ವೈಸಿಗೆ ಸಿಕ್ಕಿಸಿ ಬಗ್ಗಿಸಿದೆ. ನಾಲ್ಕೂ ಎಡ ಅಂಚಿನಲ್ಲೇ ಬಾಯಿಬಿಟ್ಟವು. ಐದನೆಯದನ್ನು ಬಗ್ಗಿಸಲು ಧೈರ್ಯವಾಗಲಿಲ್ಲ. ಅದನ್ನೇ ಮೂರನೇ ಪ್ಲೇಟು ಅಂತ ನಿನಗೆ ಕಳಿಸಿದೆ.

ಒಳಗೆ ದೋಷ ಇದ್ದರೆ ನೀನು ಕಂಡೇ ಕಾಣುತ್ತೀಯ, ಕಂಡರೆ ಬರೆಯುತ್ತೀಯ, ಆಗ ರಾಡು ಕೆಳಗಿಡೋಣ ಎಂದುಕೊಂಡಿದ್ದೆ. ನೀನು ಶುದ್ಧ ಎಂದು ಬರೆದೆ. ಆ ಸಾಲನ್ನು ನಿನ್ನ ಅತ್ತಿಗೆಯಿಂದ ಎರಡು ಸಲ ಓದಿಸಿದೆ. ಅವತ್ತು ಎಷ್ಟು ಖುಷಿಯಾಗಿತ್ತು ಅಂತ ಹೇಳಲಾರೆ. ಅಲ್ಲಿಯವರೆಗೆ ಒಂದು ಆಸ್ಪತ್ರೆಯ ಬಾಯ್ಲರನ್ನು ಏನೇನೋ ನೆಪ ಹೇಳಿ ಕಿರಿಯರಿಗೆ ಬಿಟ್ಟಿದ್ದೆ. ಮಾರನೆಯ ದಿನವೇ ಅದಕ್ಕೆ ಕೈ ಹಾಕಿದೆ.

ನಿನ್ನನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ. ಕೇಳಬೇಕಾದ್ದನ್ನು ಬಾಯಿಬಿಟ್ಟು ಕೇಳದೆ ಪೆಟ್ಟಿಗೆಯಲ್ಲಿಟ್ಟು ಕಳಿಸಿದವನು ನಾನು. ಆಮೇಲೆ ನೀನು ಆ ಹುಡುಗಿಯ ಬಗ್ಗೆ ಬರೆದಾಗ ನಿಜ ಗೊತ್ತಾಯಿತು. ಆದರೂ ಆ ಒಂದು ಸಾಲು ಬರೆದುಕೊಟ್ಟೆ. ಅದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ಹೆದರಿಕೊಂಡೆ, ಅಷ್ಟೇ.

ನಿನ್ನೆ ಬೆಳಿಗ್ಗೆ ಇನ್ಸ್‌ಪೆಕ್ಟರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. "ಮೇಸ್ತ್ರಿ, ತಮಾಷೆ ಮಾಡ್ತಿಲ್ಲ ತಾನೆ?" ಎಂದ. "ಯಂತ್ರ ತಗೊಂಡ್ಬಾ, ಎರಡೂ ಕಡೆಯಿಂದ ನೋಡು" ಎಂದೆ. ಬಾಯ್ಲರಿನಲ್ಲಿ ನಾನು ಹಾಕಿದ ಹನ್ನೊಂದು ಬೆಸುಗೆಗಳಲ್ಲಿ ಮೂರನ್ನು ಉಜ್ಜಿ ತೆಗೆಯುತ್ತಿದ್ದಾರೆ. ಪುಣ್ಯಕ್ಕೆ ಅದು ಇನ್ನೂ ಶೆಡ್ಡು ದಾಟಿರಲಿಲ್ಲ. ಹೋದ ವರ್ಷದಿಂದ ನಾನು ಮಾಡಿದ್ದರ ಪಟ್ಟಿಯನ್ನೂ ತೆಗೆದಿದ್ದಾರೆ, ಒಂದೊಂದನ್ನೂ ಹೋಗಿ ನೋಡುತ್ತಾರಂತೆ. ಸಂಜೆ ನಿನ್ನ ಅತ್ತಿಗೆಗೂ ಹೇಳಿದೆ. ಅವಳು ಡ್ರಮ್ಮಿನ ಕಡೆ ನೋಡಿದಳು.

ಬೇರೆ ಹಾಳೆಯಲ್ಲಿ ಮುದ್ರೆ ಒತ್ತಿ ಬರೆದಿಟ್ಟಿದ್ದೇನೆ: ಮೂರನೇ ಪ್ಲೇಟಿನ ಎಡ ಅಂಚಿನಲ್ಲಿ ಬೆಸುಗೆ ಹಿಡಿದಿಲ್ಲ, ನನ್ನ ಹಿಂದಿನ ಹಾಳೆ ತಪ್ಪು. ಮಂಡಳಿಯವರು ನಂಬದಿದ್ದರೆ ಪ್ಲೇಟನ್ನು ಕತ್ತರಿಸಿ ತೋರಿಸು. ನನ್ನ ಮರ್ಯಾದೆ ನೋಡಬೇಡ. ಅವಳಿಗೆ ಅವಳ ಅಂಕ ಕೊಡಿಸು.

ಅಣ್ಣ


೨೦ ಮೇ ೧೯೯೪

ಪ್ರೀತಿಯ ಅಣ್ಣ,

ನಿನ್ನ ರಿಜಿಸ್ಟರ್ ಕಾಗದ ಹನ್ನೊಂದಕ್ಕೆ ಬಂತು. ಆಸ್ಪತ್ರೆಯ ಬಾಯ್ಲರಿನ ಸಾಲು ಓದಿ ಸ್ಟಾಫ್ ರೂಮಿನಲ್ಲಿ ಕೂತಿರಲಾಗಲಿಲ್ಲ. ಹೊರಗೆ ಹೋಗಿ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತು ಅತ್ತೆ. ನಾನು ನಿನ್ನನ್ನು ನಂಬಿ ಸಹಿ ಹಾಕಿದೆ, ನೀನು ನನ್ನ ಸಹಿಯನ್ನು ನಂಬಿ ಬಾಯ್ಲರಿಗೆ ಕೈ ಹಾಕಿದೆ. ನಮ್ಮಿಬ್ಬರ ನಡುವೆ ಆ ಉಕ್ಕನ್ನು ವಿಚಾರಿಸಿದವಳು ಆ ಹುಡುಗಿ ಒಬ್ಬಳೇ. ನಿನ್ನ ಮೇಲೆ ಕೋಪವೂ ಬಂತು, ಇಲ್ಲವೆನ್ನುವುದಿಲ್ಲ. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಮಂಡಳಿಯವರು ನಿನ್ನ ಹಾಳೆ ನೋಡಿ ಒಪ್ಪಿದರು. ಆದರೂ ಪ್ಲೇಟನ್ನು ಕತ್ತರಿಸಲು ನಾನೇ ಕೇಳಿಕೊಂಡೆ, ತರಗತಿಯ ಎದುರಿಗೆ. ಕತ್ತರಿಸದೆ ನೋಡುವುದನ್ನು ಕಲಿಸುವ ಲ್ಯಾಬಿನಲ್ಲಿ ಅದೇ ಮೊದಲ ಸಲ ಗರಗಸ ಆಡಿದ್ದು. ಕೊಯ್ದ ಮುಖವನ್ನು ಉಜ್ಜಿ, ಆಸಿಡ್ಡಿನಲ್ಲಿ ಒರೆಸಿದಾಗ ಎಡ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು. ಜಿಗಣೆ ಸ್ಕೇಲು ಹಿಡಿದು ಅಳೆದಳು. ಆಳವನ್ನು ಅರ್ಧ ಮಿಲಿಮೀಟರ್ ತಪ್ಪಾಗಿ ಬರೆದಿದ್ದೆ ಎಂದು ಮುಖ ಸಣ್ಣದು ಮಾಡಿಕೊಂಡಳು. ಅವಳಿಗೆ ಪೂರ್ತಿ ಅಂಕ. ಆಗಸ್ಟಿನ ಮಧ್ಯದಲ್ಲಿ ಪೈಪು ಕಾರ್ಖಾನೆಗೆ ಸೇರುತ್ತಾಳೆ, ಅಲ್ಲಿಯವರೆಗೆ ಲ್ಯಾಬಿನಲ್ಲಿ ನನಗೆ ನೆರವಾಗುತ್ತಾಳೆ.

ಆಮೇಲೆ ತರಗತಿಯನ್ನು ಕೇಳಿದೆ, "ಪರೀಕ್ಷೆಯ ದಿನ ಈ ಗೆರೆ ಇನ್ನೂ ಯಾರಿಗೆ ಕಂಡಿತ್ತು?"  ಒಂದೊಂದಾಗಿ ಒಂಬತ್ತು ಕೈ ಮೇಲೆ ಬಂದವು. ಹಿಂದಿನ ಬೆಂಚಿನ ಒಬ್ಬ ಎದ್ದು ನಿಂತ. "ಉಳಿದ ಐದರಲ್ಲೂ ದೋಷ ಸಿಕ್ಕಿತ್ತು ಮೇಡಂ. ಒಂದು ಶುದ್ಧ ಇರಲೇಬೇಕು ಅಂತ ಗೊತ್ತಿತ್ತಲ್ಲ. ಇದೆ ಅಂತ ಬರೆದು ಸೊನ್ನೆ ಯಾಕೆ ತಗೊಳ್ಳೋದು ಅಂತ ಬಿಟ್ಟೆ" ಎಂದ. ನಿನಗಾದ ಅನ್ಯಾಯ ಇನ್ನೊಬ್ಬರಿಗೆ ಆಗಬಾರದೆಂದು ಮಾಡಿದ ನಿಯಮ ಒಂಬತ್ತು ಜನರಿಗೆ ಕಂಡದ್ದನ್ನು ಮುಚ್ಚಿಡಲು ಕಲಿಸಿತು. ಅದನ್ನು ತೆಗೆದುಹಾಕಿದ್ದೇನೆ. ಮಾರ್ಚ್‌ನಲ್ಲಿ ನಾನು ಸಹಿ ಹಾಕಿದ ಪುಟವನ್ನೂ ಅವರಿಗೆ ತೋರಿಸಿದೆ.

ನಿನ್ನ ಕಣ್ಣಿನ ವಿಷಯ ಇಲ್ಲಿನ ಡಾಕ್ಟರನ್ನು ವಿಚಾರಿಸಿದೆ. ನೀನು ಬರೆದದ್ದನ್ನು ಕೇಳಿದರೆ ಪೊರೆ ಇರಬೇಕು, ತೆಗೆಯಬಹುದು ಎಂದರು. ಈ ತಿಂಗಳ ಮೂವತ್ತಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಅತ್ತಿಗೆಯನ್ನು ಕರೆದುಕೊಂಡು ಬಾ. ಬರದಿದ್ದರೆ ನಾನೇ ಬಂದು ಎಳೆದುಕೊಂಡು ಹೋಗುತ್ತೇನೆ, ಆಮೇಲೆ ನಿನ್ನ ಇನ್ಸ್‌ಪೆಕ್ಟರ ಮುಂದೆ ಮಾನ ಹೋಯಿತು ಅನ್ನಬೇಡ.

ಪ್ಲೇಟಿನ ಒಂದು ಹೋಳನ್ನು ಲ್ಯಾಬಿನಲ್ಲಿ ಇಟ್ಟುಕೊಂಡಿದ್ದೇನೆ. ಇನ್ನೊಂದು ನಿನ್ನದು.

ನಿನ್ನ ತಂಗಿ


೩೧ ಜುಲೈ ೧೯೯೪

ಮೇಷ್ಟ್ರಮ್ಮನವರಿಗೆ,

ಅಕ್ಷರ ಮತ್ತೆ ಸಣ್ಣದಾಗಿದೆ ನೋಡು. ಒಂದು ಪುಟಕ್ಕೆ ಇಪ್ಪತ್ತಾರು ಸಾಲು, ನಿನ್ನ ಅತ್ತಿಗೆ ಎಣಿಸಿದಳು.

ಎಡಗಣ್ಣಿನ ಪೊರೆ ತೆಗೆದು ಎಂಟು ವಾರವಾಯಿತು. ಆ ಆಸ್ಪತ್ರೆಯ ಪಟ ನಾನು ಎಂದೂ ಕಾಣದ ಪಟ. ಮೊದಲ ದಿನ ಎರಡನೇ ಸಾಲಿಗೇ ನಿಂತುಬಿಟ್ಟಿದ್ದೆ, ನೀನು ಪಕ್ಕದಲ್ಲೇ ಇದ್ದೆ. ಮೊನ್ನೆ ಹೋದಾಗ ಕೊನೆಯದಕ್ಕಿಂತ ಒಂದು ಸಾಲು ಮೇಲಿನವರೆಗೆ ಓದಿದೆ. ಕೊನೆಯದನ್ನು ಕಾಣುವುದಿಲ್ಲ ಎಂದೆ. ಹಾಗೆ ಹೇಳಿ ಅಭ್ಯಾಸವೇ ಇರಲಿಲ್ಲ. ಬಲಗಣ್ಣಿನದು ಮುಂದಿನ ಸರದಿ.

ಹಳೆಯ ಪಟ್ಟಿಯನ್ನು ಪೂರ್ತಿ ನೋಡಿ ಮುಗಿಸಿದರು. ಇನ್ನೂ ಎರಡು ಕೆಟ್ಟ ಬೆಸುಗೆ ಸಿಕ್ಕವು, ಸರಿಮಾಡಿದರು. ಯಾರಿಗೂ ಏನೂ ಆಗಲಿಲ್ಲ. ಇನ್ಸ್‌ಪೆಕ್ಟರ ಟೀ ಕುಡಿಯುವುದು ಕಡಿಮೆಯಾಗಿದೆ. ಈಗ ಯಾವ ಮೇಸ್ತ್ರಿಯದಾದರೂ ಎರಡೂ ಕಡೆಯಿಂದ ನೋಡುತ್ತಾನೆ. ನನ್ನನ್ನು ಸದ್ಯಕ್ಕೆ ರಾಡಿನ ಸ್ಟೋರಿನಲ್ಲಿ ಕೂರಿಸಿದ್ದಾರೆ. ಮತ್ತೆ ಬೆಸುಗೆಗೆ ಇಳಿಯುವುದೋ ಬೇಡವೋ ಎನ್ನುವುದನ್ನು ನನಗೇ ಬಿಟ್ಟಿದ್ದಾರೆ. ಅದೇ ಕಷ್ಟವಾಗಿದೆ.

ಹೋದ ಭಾನುವಾರ ಶೆಡ್ಡಿಗೆ ಹೋಗಿ ಒಂದು ಪ್ಲೇಟು ಮಾಡಿದೆ. ಒಂದೇ ಸಲ. ತುದಿ ಕೊಯ್ದಿಲ್ಲ, ಬಗ್ಗಿಸಿಲ್ಲ. ಎಡ ಅಂಚು ಕಂಡಿತು ಅಂತ ನನಗೆ ಅನಿಸಿದೆ. ಆದರೆ ಅನಿಸಿದ್ದನ್ನು ನಂಬಿ ಆಗಿದ್ದು ಸಾಕು. ಅದನ್ನು ಈ ಕಾಗದದ ಜೊತೆಗೇ ಲಾರಿಗೆ ಹಾಕಿದ್ದೇನೆ.

ಉತ್ತರದ ಹಾಳೆಗಾಗಿ ಪೆಟ್ಟಿಗೆ ತಡಕಬೇಡ, ಇಟ್ಟಿಲ್ಲ. ಒಳಗೆ ಏನಿದೆ ಎಂದು ನನಗೇ ಗೊತ್ತಿಲ್ಲ. ನೀನು ನೋಡಬೇಡ, ನಿನ್ನ ಮೇಲೆ ನನಗೆ ನಂಬಿಕೆಯಿಲ್ಲ, ತಂಗಿಯಲ್ಲವೇ ನೀನು. ಜಿಗಣೆ ಕೆಲಸಕ್ಕೆ ಹೊರಡುವ ಮುಂಚೆ ಅವಳ ಕೈಗೆ ಕೊಡು. ಯಾರು ಮಾಡಿದ್ದೆಂದು ಹೇಳಬೇಡ. ಎಷ್ಟು ಹೊತ್ತು ಬೇಕಾದರೂ ತಗೊಳ್ಳಲಿ. ಅವಳು ಬರೆದದ್ದನ್ನು ಒಂದಕ್ಷರ ತಿದ್ದದೆ ನನಗೆ ಕಳಿಸು.

ದೋಷ ಇದೆ ಎಂದರೆ ಪ್ಲೇಟನ್ನೂ ಹಿಂದಕ್ಕೆ ಕಳಿಸು. ನಿನ್ನ ಅತ್ತಿಗೆ ಇನ್ನೊಂದು ಡ್ರಮ್ಮು ತಂದಿದ್ದಾಳೆ, ಅದು ಅಲ್ಲಾಡುತ್ತದೆ. ಜಿಗಣೆಯ ಉತ್ತರ ಬರುವವರೆಗೆ ನನ್ನ ವೆಲ್ಡಿಂಗ್ ಹೆಲ್ಮೆಟ್ಟು ಮೊಳೆಯ ಮೇಲೇ ಇರುತ್ತದೆ.

ನಿನ್ನ ಅಣ್ಣ